ಮೊದಲ ಹೆರಿಗೆಯ ಬಿಪಿ

“ಮೊದಲ ಬಸುರಿನಲ್ಲೂ ಬಿಪಿ ಏರಿತ್ತಾ? ಮತ್ತೆ ಯಾಕ್ರೀ ನನಗೆ ಹೇಳ್ಲಿಲ್ಲ?” ಸೊರಬದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದಾಗ ನನ್ನ ತಂಗಿ ಸುಮಾಳ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಏಳನೇ ತಿಂಗಳಲ್ಲೇ ಸುಮಾಳಿಗೆ ಬಿಪಿ ಏರಿ ಫಿಟ್ಸ್ ಬಂದು, ಆಪರೇಷನ್ ಮಾಡಿ ಹೊರತೆಗೆದ ಮಗು ಅಂದು ಬೆಳಿಗ್ಗೆ ತೀರಿಕೊಂಡಿತ್ತು.

ಮೊದಲ ಹೆರಿಗೆ ನಮ್ಮೂರು ಶಿಕಾರಿಪುರದಲ್ಲಿ ಆಗಿತ್ತು. ಆಗಲೂ ಕೊನೆಯ ತಿಂಗಳಲ್ಲಿ ಮುಖ, ಕಾಲು ಬಾತು ಬಿಪಿ ಏರಿತ್ತು. ಹೆತ್ತ ಮೇಲೆ ಇಳಿಯಿತು, ಮಗಳೂ ಗಟ್ಟಿಮುಟ್ಟಾಗಿ ಬೆಳೆದಳು. ಹಾಗಾಗಿ ಈ ಸಲ ಸೊರಬದಲ್ಲಿ ಮೊದಲ ತಪಾಸಣೆಗೆ ಹೊರಟಾಗ ಅತ್ತೆ, “ಕಳೆದುಹೋದ ಕೆಟ್ಟದ್ದನ್ನ ಮತ್ತೆ ಬಾಯಲ್ಲಿ ಆಡ್ಬೇಡ ಮಾರಾಯ್ತಿ” ಎಂದಿದ್ದರಂತೆ. ಸುಮಾ ಆಡಲಿಲ್ಲ.

“ಒಮ್ಮೆ ಬಂದವರಿಗೆ ಮತ್ತೆ ಬರೋ ಸಾಧ್ಯತೆ ಇರುತ್ತೆ. ಗೊತ್ತಿದ್ದಿದ್ರೆ ಶುರುವಿನಿಂದಲೇ ಮಾತ್ರೆ ಕೊಟ್ಟು, ಪದೇ ಪದೇ ಕರೆಸಿ ನೋಡ್ತಿದ್ದೆ” ಎಂದರು ಡಾಕ್ಟರಮ್ಮ. ಅತ್ತೆ ಒಳಗೆ ಹೋಗಿ ಸೊಸೆಯ ಬಾತ ಪಾದಗಳನ್ನು ಹಿಡಿದುಕೊಂಡು ಅತ್ತರು. ಸುಮಾ ಕಣ್ಣು ಮುಚ್ಚಿದಳು, ಕಾಲು ಎಳೆದುಕೊಳ್ಳಲಿಲ್ಲ.

ಸುಮಾ ಈಗ ಚೇತರಿಸಿಕೊಂಡಿದ್ದಾಳೆ. ಅತ್ತೆ ಸೊಸೆ ಮೊದಲಿನಂತೆಯೇ ಜೊತೆಯಲ್ಲಿ ಅಡುಗೆ ಮಾಡುತ್ತಾರೆ, ನಗುತ್ತಾರೆ ಕೂಡ. ಯಾರಾದರೂ ಆ ಮಗುವಿನ ಮಾತೆತ್ತಿದರೆ ಮಾತ್ರ, ಇಬ್ಬರೂ ಎದ್ದು ಬೇರೆ ಬೇರೆ ಕೋಣೆಗೆ ಹೋಗುತ್ತಾರೆ.