ನೆರಳು ಬೀಳಬಾರದು

ನಮ್ಮ ಗೋದಾಮಿನ ಮುಂಬಾಗಿಲು ದಾಟಿದರೆ ಗೋಡೆಯ ಮೇಲೆ ಒಂದು ದೊಡ್ಡ ಟಿವಿ ಇದೆ. ಮೇಲಿನ ತಗಡಿನ ಚಾವಣಿಯ ತುಂಬ ಹಾಸಿರುವ ಸೋಲಾರ್ ಫಲಕಗಳು ಈ ಹೊತ್ತಿಗೆ ಎಷ್ಟು ಕರೆಂಟು ಮಾಡುತ್ತಿವೆ ಎಂದು ಅದು ತೋರಿಸುತ್ತದೆ. ಅದರ ಕೆಳಗೆ ಹಸಿರು ಅಕ್ಷರದಲ್ಲಿ, ಆ ಕರೆಂಟಿನ ಲೆಕ್ಕದಲ್ಲಿ ನಾವು ಇದುವರೆಗೆ ಉಳಿಸಿದ ಮರಗಳ ಸಂಖ್ಯೆ. ಅದು ದಿನಾಲೂ ಏರುತ್ತದೆ. ಕಾಂಪೌಂಡಿನ ಪಶ್ಚಿಮಕ್ಕಿದ್ದ ಎರಡು ಹಳೆಯ ಬೇವಿನ ಮರಗಳನ್ನು, ಸಂಜೆ ಅವುಗಳ ನೆರಳು ಫಲಕಗಳ ಮೇಲೆ ಬೀಳುತ್ತದೆಂದು, ಬುಡಸಮೇತ ಕಡಿಸಿದ ದಿನವೂ ಏರಿತ್ತು. ಕಡಿಸಲು ಅರ್ಜಿ ಬರೆದವನು ನಾನೇ.

ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೋಗುವ ರಸ್ತೆಯ ಬದಿಗಿದೆ ಈ ಗೋದಾಮು. ಫಲಕಗಳ ಉಸ್ತುವಾರಿ ನನ್ನದು. ಸೋಪು, ಬಿಸ್ಕತ್ತು, ಚಾಕಲೇಟು ಇಲ್ಲಿಂದಲೇ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಅಂಗಡಿಗಳಿಗೆ ಹೋಗುತ್ತವೆ. ಚಾಕಲೇಟು ಕರಗಬಾರದೆಂದು ಅದಕ್ಕೊಂದು ತಂಪು ಕೋಣೆ ಮಾಡಿದ್ದಾರೆ. ಏಪ್ರಿಲ್‌ನಲ್ಲೂ ಅದರೊಳಗೆ ಸ್ವೆಟರ್ ಬೇಕು. ಮಾಲು ಹೊರುವ ಹಮಾಲರಿಗೆ ಮಾತ್ರ ಒಂದು ಫ್ಯಾನೂ ಇಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುತ್ತಾರಲ್ಲ, ಆ ಜಾತಿ ನಮ್ಮದು.

ನಮ್ಮ ಸೀಮೆಯಲ್ಲಿ ಮಳೆ ಬರಲಿ ಬಿಡಲಿ, ಕಾರ್ಖಾನೆಗಳ ಕರಿಬೂದಿ ತಪ್ಪದೆ ಬೀಳುತ್ತದೆ. ಫಲಕದ ಮೇಲೆ ಬೆರಳಿಟ್ಟರೆ ಕಾಡಿಗೆ ಹತ್ತಿದ ಹಾಗೆ ಹತ್ತುತ್ತದೆ. ಅದನ್ನು ತೊಳೆಯಲು ಪಕ್ಕದ ಹಳ್ಳಿಯಿಂದ ಮೂವರು ಹೆಂಗಸರು ಬರುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ತಲೆಗೆ ಹೆಲ್ಮೆಟ್, ಕೈಯಲ್ಲಿ ಉದ್ದ ಕೋಲಿನ ಬ್ರಷ್. ಹಿರಿಯಳಿಗೆ ಐವತ್ತು ದಾಟಿತ್ತು. ಮೊದಲು ಕಾರಟಗಿ ಕಡೆ ಭತ್ತದ ನಾಟಿಗೆ ಹೋಗುತ್ತಿದ್ದವಳು. ನನ್ನನ್ನು ಯಪ್ಪಾ ಎಂದೇ ಕರೆಯುತ್ತಿದ್ದಳು.

ಮೊದಲ ದಿನ ಅವರಿಗೆ ಪಾಠ ಹೇಳಿಕೊಟ್ಟೆ. "ಒಂದರ ಮ್ಯಾಲೆ ನೆರಳ ಬಿದ್ರ ಇಡೀ ಸಾಲೇ ಸುಸ್ತಾಗ್ತೈತಿ. ಬಕೀಟ ಇಡಬ್ಯಾಡ್ರಿ, ನೀವೂ ಅಡ್ಡ ನಿಂದರಬ್ಯಾಡ್ರಿ."

ಹಿರಿಯಳು ಆ ಪಾಠವನ್ನು ನನಗಿಂತ ಚೆನ್ನಾಗಿ ಕಲಿತಳು. ಕಾಗೆ ಕೂತರೆ ಓಡಿಸುತ್ತಿದ್ದಳು. ನಾನು ಮಾತಾಡುತ್ತ ನಿಂತರೆ, "ಅತ್ತಾಗ ಸರಿ ಯಪ್ಪಾ, ನಿನ್ನ ನೆರಳ ಬಿದ್ದೈತಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು.

ಬಿಸಿಲು ಏರುವ ದಿನಗಳಲ್ಲಿ ಒಮ್ಮೆ ಕೇಳಿದಳು. "ಭತ್ತದ ಗದ್ದ್ಯಾಗ ಬದುವಿನ ಮ್ಯಾಲೆ ಒಂದು ಗಿಡನಾರ ಇರ್ತಿತ್ತು ಯಪ್ಪಾ. ಇಲ್ಲಿ ಒಂದು ಮೂಲ್ಯಾಗ ಚಪ್ಪರ ಹಾಕಿಸಿಕೊಡು, ನೀರ ಕುಡಿಯಾಕ ಕುಂದರತೀವಿ."

ನಾನು ಮ್ಯಾನೇಜರಿಗೆ ಹೇಳಿದೆ. "ನೆರಳಿಗೆ ಜಾಗ ಕೊಟ್ರ ಕರೆಂಟಿಗೆ ಎಲ್ಲೀದ್ರಿ ಜಾಗ?" ಎಂದು ಅವರು ನಕ್ಕರು. ನಾನೂ ನಕ್ಕೆ.

ಅವಳು ಬದುಕಿದ್ದಾಳೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ಬಾಟಲಿ ಸಲೈನ್ ಏರಿಸಿ ಮನೆಗೆ ಕಳಿಸಿದರು. ಮುಂದಿನ ವಾರ ಕೆಲಸಕ್ಕೂ ಬಂದಳು.

ಆ ದಿನ ಕಂಪನಿಯ ದೊಡ್ಡವರು ಬರುವವರಿದ್ದರು. ಫಲಕಗಳು ಕನ್ನಡಿಯಂತಿರಬೇಕೆಂದು ಅಪ್ಪಣೆಯಾಗಿತ್ತು. ಬೆಳಗಿನ ಏಳಕ್ಕೆ ಮುಗಿಯಬೇಕಿದ್ದ ತೊಳೆಯುವ ಕೆಲಸ, ನೀರಿನ ಟ್ಯಾಂಕರ್ ತಡವಾಗಿ ಬಂದದ್ದರಿಂದ ಹನ್ನೊಂದಾದರೂ ನಡೆದಿತ್ತು. ಬಿಸಿ ಗಾಜಿಗೆ ತಣ್ಣೀರು ಹಾಕಬಾರದು, ಅಷ್ಟು ಬಿಸಿಲಲ್ಲಿ ತಗಡಿನ ಮೇಲೆ ಮನುಷ್ಯರನ್ನು ನಿಲ್ಲಿಸಬಾರದು. ಎರಡೂ ನನಗೆ ಗೊತ್ತಿತ್ತು. ಗಾಜಿನ ಬಗ್ಗೆ ಮಾತ್ರ ಮ್ಯಾನೇಜರಿಗೆ ಹೇಳಿದ್ದೆ.

ಹಿರಿಯಳು ಬ್ರಷ್ ಕೆಳಗಿಟ್ಟು, ಎರಡು ಸಾಲುಗಳ ನಡುವಿನ ಕಿರಿದಾದ ಹಾದಿಯಲ್ಲಿ ಕೂತಳು. ಕೂತವಳು ಹಾಗೇ ವಾಲಿದಳು. ನಾನು ಓಡಿಹೋಗಿ ಮುಖಕ್ಕೆ ನೀರು ಹಾಕಿದೆ. ಕಣ್ಣು ಬಿಡಲಿಲ್ಲ. ಇಳಿಸಬೇಕೆಂದರೆ ಇರುವುದು ಗೋಡೆಗೆ ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಏಣಿ ಒಂದೇ. ಹಗ್ಗ ತೆಗೆದುಕೊಂಡು ನಾಲ್ವರು ಹಮಾಲರು ಬರಲೇಬೇಕು. ಕೆಳಗೆ ವಾಚ್‌ಮನ್‌ಗೆ ಫೋನ್ ಮಾಡಿದೆ. ಅಷ್ಟರಲ್ಲಿ ಉಳಿದ ಇಬ್ಬರು ಹೆಂಗಸರು, ಮೊಣಕಾಲ ಕೆಳಗೆ ಹಾಸಿಕೊಳ್ಳಲು ತಂದಿದ್ದ ಹಳೆಯ ಸೀರೆಯನ್ನು ಬಿಡಿಸಿ, ಆ ಕಡೆ ಒಬ್ಬಳು ಈ ಕಡೆ ಒಬ್ಬಳು ನಿಂತು ಅವಳ ಮೇಲೆ ಅಗಲಕ್ಕೆ ಹಿಡಿದರು. ಅವಳ ಮುಖಕ್ಕೆ ನೆರಳಾಯಿತು. ಪಕ್ಕದ ಫಲಕಗಳಿಗೂ ಆಯಿತು.

ಫೋನ್ ಬಂತು. ಮ್ಯಾನೇಜರು. "ಟಿವಿ ಮ್ಯಾಲೆ ಒಂದು ಸಾಲ ಕೆಂಪ ತೋರಸಾಕತ್ತೈತಿ ನೋಡ್ರಿ. ಸಾಹೇಬ್ರು ಅದರ ಮುಂದನ ನಿಂತಾರ."

"ಸರ, ಹೆಣ್ಮಗಳು ಎಚ್ಚರ ತಪ್ಪಿ ಬಿದ್ದಾಳ್ರಿ. ಸೀರಿ ಹಿಡದು ನೆರಳ ಮಾಡೀವ್ರಿ."

"ಹಮಾಲರನ್ನ ಕಳಸಾಕತ್ತೀನಿ. ಅಲ್ಲೀತನಕ ಆ ನೆರಳ ಒಂಚೂರು ತಗಸ್ರಿ. ಹತ್ತು ನಿಮಿಷದ ಮಾತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕುರ್ಚಿ ಸ್ವಲ್ಪ ಸರಿಸಿ ಎಂದಂತಿತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆನೇನೋ, ಗೊತ್ತಿಲ್ಲ. ಹಾಗೆಂದು ಈಗ ಹೇಳಿಕೊಳ್ಳುವುದೂ ಒಂದು ನಾಚಿಕೆಗೇಡು. ಸೀರೆ ತೆಗೆಯಿರಿ ಎಂದು ಹೆಂಗಸರಿಗೆ ಹೇಳಿದೆ. ಅವರು ಕದಲಲಿಲ್ಲ.

"ಏನ್ ಮಾತಂತ ಆಡತೀರಿ ಸರ," ಎಂದಳು ಒಬ್ಬಳು.

ನಾನು ಅವರ ಕೈಯಿಂದ ಸೀರೆ ಕಿತ್ತುಕೊಂಡೆ. ಬಿಸಿಲು ನೇರ ಅವಳ ಮುಖಕ್ಕೆ ಬಿತ್ತು. ನಾನೇ ಅಡ್ಡ ನಿಂತಿದ್ದರೂ ಒಂದು ಮುಖಕ್ಕಾಗುವಷ್ಟು ನೆರಳಾಗುತ್ತಿತ್ತು. ನಿಲ್ಲಲಿಲ್ಲ. ಅಭ್ಯಾಸದಂತೆ ಅತ್ತ ಸರಿದೆ. ಫೋನಿನಲ್ಲಿ ಮೆಸೇಜು ಬಂತು: ಈಗ ಹಸಿರಾಯಿತು, ಥ್ಯಾಂಕ್ಸ್.

ಕಾದ ಬಿಸಿಲಿಗೋ ಏನೋ, ಅವಳು ಕಣ್ಣು ತೆರೆದಳು. ಗೆಳತಿಯರನ್ನು ನೋಡಿದಳು, ಸೀರೆ ಮುದ್ದೆ ಮಾಡಿ ಹಿಡಿದಿದ್ದ ನನ್ನನ್ನು ನೋಡಿದಳು. ಎದ್ದು ಕೂರಲು ಹವಣಿಸುತ್ತ, ಒಣಗಿದ ಬಾಯಲ್ಲಿ ಕೇಳಿದಳು.

"ತಪ್ಪಾತು ಯಪ್ಪಾ. ನನ್ನ ನೆರಳ ಬಿತ್ತೇನು?"

"ಇಲ್ಲ ಬೇ ಯವ್ವಾ, ಬಿದ್ದಿಲ್ಲ" ಎಂದೆ.