ಈ ಮನಿಯಾಗ ಉಳಿದವರು

ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿಯುತ್ತಿದೆ. ನಾನು ಕಣ್ಣು ಮುಚ್ಚಿಕೊಂಡು ಕುಳಿತಿದ್ದೇನೆ. ತಾಟಿನಲ್ಲಿ ಜೋಳದ ರೊಟ್ಟಿ ಬಿಸಿಯಾಗಿದೆ, ಅಥವಾ ಸ್ವಲ್ಪ ಹೊತ್ತಿನ ಹಿಂದೆ ಬಿಸಿಯಾಗಿತ್ತು. ಎದುರಿಗೆ ನನ್ನ ಹೆಂಡತಿ ಸುನೀತಾ ಊಟದ ಪ್ರಾರ್ಥನೆ ಮಾಡುತ್ತಿದ್ದಾಳೆ. ಅದು ಸದ್ಯಕ್ಕೆ ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಈಗಿನ್ನೂ ಪಕ್ಕದ ಮನೆಯ ಹಸೀನಾಬಿಯ ಮೊಣಕಾಲಿಗೆ ಬಂದಿದ್ದಾಳೆ. ಮೊಣಕಾಲಾದ ಮೇಲೆ ಹಸೀನಾಬಿಯ ಆಡುಗಳಿವೆ. ನೀವೂ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಅಷ್ಟರಲ್ಲಿ ಈ ತಣ್ಣನೆಯ ರೊಟ್ಟಿ ನಮ್ಮ ಮನೆಗೆ ಹೇಗೆ ಬಂತೆಂದು ಹೇಳಿಬಿಡುತ್ತೇನೆ.

ಇದನ್ನು ತಂದವಳು ನನ್ನ ದೊಡ್ಡವ್ವ. ನನ್ನವ್ವನ ಅಕ್ಕ, ನನ್ನನ್ನು ಸಾಕಿದವಳು. ಟಿಕೋಟಾದ ಈ ಮನೆಯಲ್ಲಿ ಆಕೆ ಪ್ರಾರ್ಥನೆ ಮಾಡದೆ ಯಾರೂ ತುತ್ತು ಮುರಿಯುವಂತಿರಲಿಲ್ಲ. ಚರ್ಚಿನ ಅಯ್ಯನವರು ದೇವರನ್ನು ಸರ್ವಶಕ್ತನಾದ ಕರ್ತನೇ ಎಂದು ಕರೆಯುತ್ತಿದ್ದರು. ದೊಡ್ಡವ್ವ ಯಪ್ಪಾ ಎನ್ನುತ್ತಿದ್ದಳು. ಕಟ್ಟೆಯ ಮೇಲೆ ಬಂದು ಕುಳಿತ ಹಿರಿಯನಿಗೆ ಊರ ಸುದ್ದಿ ಒಪ್ಪಿಸುವ ಧಾಟಿಯಲ್ಲಿ ಅವನಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಯಾರ ಮನೆಯಲ್ಲಿ ಮದುವೆ ಮುರಿಯಿತು, ಯಾರಿಗೆ ಸಕ್ಕರೆ ಕಾಯಿಲೆ ಹತ್ತಿತು, ಬಿಜ್ಜರಗಿಯಲ್ಲಿ ಯಾರ ದ್ರಾಕ್ಷಿಗೆ ಬೂದಿ ರೋಗ ಬಿತ್ತು, ಯಾವುದನ್ನೂ ಬಿಡುತ್ತಿರಲಿಲ್ಲ. ಕಣ್ಣು ತೆರೆದು ಹೇಳಿದರೆ ಚಾಡಿ ಆಗುತ್ತಿದ್ದ ಮಾತು ಕಣ್ಣು ಮುಚ್ಚಿ ಹೇಳಿದರೆ ಪ್ರಾರ್ಥನೆ ಆಗುತ್ತದೆ ಎಂಬುದನ್ನು ನಾನು ಆಕೆಯಿಂದಲೇ ಕಲಿತೆ. ಕಾಲೇಜಿನ ದಿನಗಳಲ್ಲಿ ನಾನು ಬೀಡಿ ಸೇದುವ ಸಂಗತಿ ಮನೆಯವರಿಗೆಲ್ಲ ತಿಳಿದದ್ದು ಒಂದು ಪ್ರಾರ್ಥನೆಯಲ್ಲಿ. ನಡುವೆ ಬಾಯಿ ಹಾಕಿ ಸುಳ್ಳು ಎನ್ನೋಣವೆಂದರೆ ಪ್ರಾರ್ಥನೆಯ ನಡುವೆ ಮಾತಾಡುವುದು ಪಾಪ.

ಹೀಗೆ ಗುಟ್ಟು ಬಯಲಾದರೂ ಜನಕ್ಕೆ ಆಕೆಯ ಬಾಯಲ್ಲಿ ತಮ್ಮ ಹೆಸರು ಬರಬೇಕು. ಹಸೀನಾಬಿ ಗೋಡೆಯ ಆಚೆಯಿಂದ ಇಣುಕಿ, ಕರಿ ಆಡು ಮೇವು ಬಿಟ್ಟಿದೆ, ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಹಾಕಿಬಿಡು ಎಂದು ಹೇಳಿ ಹೋಗುತ್ತಿದ್ದಳು. ಅವಳ ನಮಾಜು ಅವಳು ಮಾಡುತ್ತಿದ್ದಳು. ಇದೊಂದು ಹೆಚ್ಚಿನ ವಶೀಲಿ. ರಾತ್ರಿ ಕರಿ ಆಡಿನ ಮಾತು ತಪ್ಪದೆ ಬರುತ್ತಿತ್ತು. ಆಡು ಮೇವು ತಿನ್ನಲು ಶುರು ಮಾಡುತ್ತಿತ್ತು, ಅಥವಾ ಮಾಡುತ್ತಿರಲಿಲ್ಲ. ಅದು ಬೇರೆ ಪ್ರಶ್ನೆ.

ಇಂಥ ಮನೆಗೆ ಸುನೀತಾ ಸೊಸೆಯಾಗಿ ಬಂದಳು. ಅವಳ ತವರಿನವರು ವಿಜಯಪುರದಲ್ಲಿ ಅಥಣಿ ರಸ್ತೆಯ ಹೊಸ ಲೇಔಟಿನ ಸಭೆಗೆ ಹೋಗುವವರು. ಡ್ರಮ್ಮು, ಕೀಬೋರ್ಡು, ಹಾಡಿನ ಸಾಲು ಮೂಡುವ ದೊಡ್ಡ ಪರದೆ, ಬಣ್ಣದ ದೀಪ, ಜೀನ್ಸ್ ಹಾಕಿದ ಪಾಸ್ಟರು. ನಮ್ಮದು ಊರೊಳಗಿನ ಹಳೆಯ ಚರ್ಚು. ಅಲ್ಲಿ ಕಲ್ಲಿನ ಗೋಡೆ, ಗಂಟೆ, ಉಸಿರು ಹಿಡಿದ ಹಾರ್ಮೋನಿಯಂ, ಎಳೆದೆಳೆದು ಹಾಡುವ ಕೀರ್ತನೆಗಳು. ದೊಡ್ಡವ್ವನಿಗೆ ಈ ಸಂಬಂಧ ಸುತಾರಾಂ ಇಷ್ಟವಿರಲಿಲ್ಲ. ಎಲ್ಲರೂ ಒಮ್ಮೆಗೇ ಚೀರಿದರೆ ದೇವರು ಯಾರದನ್ನು ಕೇಳಬೇಕು ಎಂದು ಆಕೆ ಕೇಳುತ್ತಿದ್ದಳು. ನಿಮ್ಮಲ್ಲಿ ಒಬ್ಬರು ಮಾತಾಡುತ್ತಾರೆ, ಉಳಿದವರು ನಿದ್ದೆ ಮಾಡುತ್ತಾರೆ, ದೇವರಿಗೂ ನಿದ್ದೆ ಬರುವುದಿಲ್ಲವೇ ಎಂದು ಸುನೀತಾ ತಿರುಗಿ ಕೇಳುತ್ತಿದ್ದಳು. ಇದರಲ್ಲಿ ನಾನು ಯಾರ ಪಕ್ಷ ಹಿಡಿಯಲಿ? ಹಳೆಯ ಚರ್ಚಿನಲ್ಲಿ ಕಂಬದ ಮರೆಗೆ ಒಂದು ಬೆಂಚಿದೆ. ವಾರವೆಲ್ಲ ಬಬಲೇಶ್ವರದ ಶಾಲೆಯಲ್ಲಿ ಗಣಿತ ಕಲಿಸಿ ದಣಿದವನಿಗೆ ಅಯ್ಯನವರ ಪ್ರಸಂಗದ ಹೊತ್ತಿನಲ್ಲಿ ಅಲ್ಲಿ ಸಿಗುವ ನಿದ್ದೆ ನನ್ನ ಹಾಸಿಗೆಯಲ್ಲೂ ಸಿಕ್ಕಿಲ್ಲ. ಎರಡು ಸಭೆಗಳ ಹುಡುಗರೂ ಮುದುಕರೂ ಆತ್ಮಿಕ ಆಳದ ಬಗ್ಗೆ ವಾದ ಮಾಡುವುದನ್ನು ಕೇಳಿದ್ದೇನೆ. ಆಳದ ಮಟ್ಟಿಗೆ ಆ ಬೆಂಚನ್ನು ಮೀರಿಸುವ ಜಾಗ ನನಗೆ ಗೊತ್ತಿಲ್ಲ.

ಇಷ್ಟಾದರೂ ದೊಡ್ಡವ್ವ ಸುನೀತಾಳ ಜೊತೆ ಜಗಳಾಡುತ್ತಿರಲಿಲ್ಲ. ಆಕೆ ಮಾಡಿದ್ದು ಅದಕ್ಕಿಂತ ಖಾರವಾದದ್ದು. ಪ್ರಾರ್ಥನೆಯಲ್ಲಿ ಸೊಸೆಯ ಹೆಸರು ಎತ್ತುತ್ತಿರಲಿಲ್ಲ. ನನ್ನ ಹೆಸರು ಬರುತ್ತಿತ್ತು, ನಮ್ಮ ಮಗಳು ಪ್ರೀತಿ ಹುಟ್ಟಿದ ಮೇಲೆ ಅವಳ ಹೆಸರು ಬರುತ್ತಿತ್ತು, ಹಸೀನಾಬಿಯೂ ಆಡೂ ಬರುತ್ತಿದ್ದವು. ಕೊನೆಗೆ ಒಂದು ಸಾಲು: "ಮತ್ತ ಈ ಮನಿಯಾಗ ಉಳಿದವರನ್ನೂ ನೋಡ್ಕೋ ಯಪ್ಪಾ, ಆಮೆನ್." ಮನೆಯಲ್ಲಿ ಉಳಿದವಳು ಒಬ್ಬಳೇ. ಸುನೀತಾ ತನಗೇನೂ ಅನ್ನಿಸುವುದಿಲ್ಲ ಎನ್ನುತ್ತಿದ್ದಳು. ಆದರೆ ದಿನಾ ಪ್ರಾರ್ಥನೆ ಕೊನೆಗೆ ಬಂದಾಗ ಅವಳು ಒಂದು ಕಣ್ಣು ಅರ್ಧ ತೆರೆದು ದೊಡ್ಡವ್ವನ ತುಟಿಯನ್ನೇ ನೋಡುತ್ತಿದ್ದಳು. ಅದು ನನಗೆ ಹೇಗೆ ಗೊತ್ತೆಂದು ಕೇಳಬೇಡಿ. ನಾನೂ ಒಂದು ಕಣ್ಣು ತೆರೆದೇ ಇರುತ್ತಿದ್ದೆ. ಒಂದು ರಾತ್ರಿ ಪಾತ್ರೆ ತೊಳೆಯುತ್ತ ಅವಳು ಮೆಲ್ಲಗೆ ಹೇಳಿದಳು. "ಆಡಿನ ಹೆಸರ ಬರ್ತೈತ್ರಿ. ನಂದ ಬರಂಗಿಲ್ಲ." ದೊಡ್ಡವ್ವನಿಗೆ ಒಂದೆರಡು ಸಲ ಸೂಚನೆ ಕೊಟ್ಟು ನೋಡಿದೆ. ಪ್ರಾರ್ಥನೆಯಲ್ಲಿ ಯಾರು ಬರಬೇಕು ಎಂಬುದು ತನಗೂ ದೇವರಿಗೂ ಬಿಟ್ಟ ವಿಷಯ, ನೀನು ನಿನ್ನ ಲೆಕ್ಕ ಕಲಿಸು ಎಂದಳು.

ಆಮೇಲೆ ಒಂದು ಮಳೆಗಾಲದಲ್ಲಿ ದೊಡ್ಡವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ತಿಂಗಳುಗಟ್ಟಲೆ ಹಾಸಿಗೆಯ ಮೇಲೆ ಇದ್ದಳು. ಸುನೀತಾಳೇ ಎತ್ತಿದಳು, ಇಳಿಸಿದಳು, ತೊಳೆದಳು, ತಲೆ ಬಾಚಿದಳು. ಈಗಲಾದರೂ ಹೆಸರು ಬರಬಹುದೆಂದು ನಾನು ಆಸೆಯಿಂದ ಕಾದೆ. ಹಾಸಿಗೆಯ ಮೇಲೆ ಮಲಗಿಕೊಂಡೇ ಪ್ರಾರ್ಥನೆ ನಡೆಯಿತು. ಡಾಕ್ಟರರ ಹೆಸರು ಬಂತು, ಕಾಂಪೌಂಡರನ ಹೆಸರು ಬಂತು. ಕೊನೆಗೆ ಅದೇ ಉಳಿದವರು. ಆ ಹೊತ್ತಿನಲ್ಲಿ ನನಗೆ ದೊಡ್ಡವ್ವನ ಮೇಲೆ ಬಂದಷ್ಟು ಸಿಟ್ಟು ಬೀಡಿಯ ದಿನವೂ ಬಂದಿರಲಿಲ್ಲ.

ಕಾಲು ಕೂಡಿ, ಕೋಲು ಹಿಡಿದು ಓಡಾಡುವಂತಾದ ಮೇಲೆ ಒಂದು ಭಾನುವಾರ ಪ್ರೀತಿ ತನ್ನ ಅಮ್ಮನ ಸಭೆಯಲ್ಲಿ ಹಾಡುವುದಿತ್ತು. ಮೊಮ್ಮಗಳು ಕರೆದರೆ ದೊಡ್ಡವ್ವ ಇಲ್ಲ ಎನ್ನಲಾರಳು. ಕೋಲು ಊರುತ್ತ ಬಂದು ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಳು. ಸೆರಗಿನ ಗಂಟಿನಿಂದ ಹತ್ತಿ ತೆಗೆದು ಎಲ್ಲರಿಗೂ ಕಾಣುವಂತೆ ಎರಡೂ ಕಿವಿಗೆ ತುರುಕಿಕೊಂಡಳು. ಪ್ರೀತಿ ಹಾಡಿದಳು. ದೊಡ್ಡವ್ವನಿಗೆ ಏನು ಕೇಳಿಸಿತೋ, ಬಾಯಿ ತುಂಬ ನಕ್ಕಳು. ಆಮೇಲೆ ಪಾಸ್ಟರು ಎಲ್ಲರೂ ಬಾಯಿ ತೆರೆದು ಪ್ರಾರ್ಥಿಸಿರಿ ಎಂದರು. ಡ್ರಮ್ಮು ಶುರುವಾಯಿತು, ಕೀಬೋರ್ಡು ಏರಿತು, ಜನ ಕೈ ಎತ್ತಿ ಒಟ್ಟಿಗೇ ಕೂಗತೊಡಗಿದರು. ದೊಡ್ಡವ್ವ ಆ ಕಡೆ ಈ ಕಡೆ ನೋಡಿದಳು. ಆಮೇಲೆ ತಾನೂ ಕಣ್ಣು ಮುಚ್ಚಿದಳು, ತುಟಿ ಅಲುಗತೊಡಗಿತು. ಏನು ಹೇಳುತ್ತಿದ್ದಾಳೆಂದು ಪಕ್ಕದಲ್ಲಿದ್ದ ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಕೀಬೋರ್ಡು ಸತ್ತಿತು, ಮೈಕು ಸತ್ತಿತು, ಡ್ರಮ್ಮಿನ ಹುಡುಗ ಅರೆಗತ್ತಲಲ್ಲಿ ಕೈ ನಿಲ್ಲಿಸಿದ. ಸಂಗೀತ ನಿಂತ ಕೂಡಲೇ ಜನರ ದನಿಯೂ ಇಳಿದು ನಿಂತಿತು. ಆದರೆ ದೊಡ್ಡವ್ವನ ಕಿವಿಯಲ್ಲಿ ಹತ್ತಿ. ಡ್ರಮ್ಮನ್ನು ಗೆಲ್ಲಲೆಂದು ಏರಿಸಿದ ಅವಳ ದನಿ ಆ ಮೌನದಲ್ಲಿ ಒಂಟಿಯಾಗಿ ಸಭಾಂಗಣದ ತುಂಬ ಹರಡಿತು.

"ಈ ಸುನೀತಾನ ಮಾತ ಯಪ್ಪಾ. ಆಕಿಗೆ ರೊಟ್ಟಿ ಬಡಿಯಾಕ ಬರಂಗಿಲ್ಲ, ಅದು ನಿನಗೂ ಗೊತ್ತೈತಿ. ಆದ್ರ ನಾ ಬಿದ್ದಾಗ ನನ್ನ ಹೇಲು ಉಚ್ಚಿ ಬಳದಾಕಿ ಆಕಿನ. ಒಂದಿನ ಮಾರಿ ಸಿಂಡರಿಸಲಿಲ್ಲ. ನನ್ನ ಎತ್ತಿ ಎತ್ತಿ ಆಕಿ ಸೊಂಟ ಹಿಡಕೊಂಡೈತಿ. ಯಾರ ಮುಂದೂ ಹೇಳಂಗಿಲ್ಲ, ಕೊಡ ಎತ್ತುವಾಗ ಗ್ವಾಡಿ ಹಿಡಿತಾಳ, ನಾ ನೋಡೇನಿ. ಮನಿಯಾಗ ಆಕಿ ಹೆಸರ ತಗೀಲಿಲ್ಲ ನಾನು. ತಗದ್ರ ಆಕಿ ಕೇಳಿ ತಲಿ ಮ್ಯಾಲೆ ಕುಂದರ್ತಾಳ. ಈ ಗದ್ದಲದಾಗ ಯಾರಿಗೂ ಕೇಳಂಗಿಲ್ಲ ಅಂತ ಹೇಳಾಕತ್ತೇನಿ. ಆಕಿ ನನ್ನ ಮಗಳು. ಆಕಿ ಸೊಂಟ ಚಲೋ ಮಾಡು."

ಪಾಸ್ಟರು ಮೈಕಿಲ್ಲದೆ ಮೆಲ್ಲಗೆ ಆಮೆನ್ ಎಂದರು. ಸಭೆಗೆ ಸಭೆಯೇ ಆಮೆನ್ ಎಂದಿತು. ಆ ಸದ್ದು ಹತ್ತಿಯನ್ನೂ ದಾಟಿ ಹೋಗಿರಬೇಕು, ದೊಡ್ಡವ್ವ ಕಣ್ಣು ಬಿಟ್ಟು ಸುತ್ತಲೂ ನೋಡಿದಳು. ಕಿವಿಯ ಹತ್ತಿ ತೆಗೆದಳು. ನನ್ನ ಕಡೆ ತಿರುಗಿ ಹಲ್ಲು ಕಚ್ಚಿ, "ಕರೆಂಟ್ ಹೋಗಿದ್ದು ಹೇಳಬಾರದೇನೋ ಬಾಡ್ಯಾ" ಎಂದಳು. ಹಿಂದಿನ ಸಾಲಿನಲ್ಲಿ ಸುನೀತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳ ಸೊಂಟ ನೋಯುತ್ತಿದ್ದದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಅವಳ ಗಂಡ, ಒಂದೇ ಮನೆಯಲ್ಲಿ ಇರುವವನು. ನಾಚಿಕೆಯಾಯಿತು.

ಬಸ್ಸು ಹಿಡಿದು ಟಿಕೋಟಾಕ್ಕೆ ಮರಳಿದೆವು. ರಾತ್ರಿ ಊಟಕ್ಕೆ ಕುಳಿತೆವು. ದೊಡ್ಡವ್ವ ಎಂದಿನಂತೆ ಶುರು ಮಾಡಿದಳು. ನಾನು ಬಂದೆ, ಪ್ರೀತಿ ಬಂದಳು, ಆಡು ಬಂತು. ಆಮೇಲೆ ಗಂಟಲು ಸರಿ ಮಾಡಿಕೊಂಡು, ಈ ಮನೆಯಲ್ಲಿ ಉಳಿದವರನ್ನೂ ನೋಡಿಕೋ ಎಂದು ಮುಗಿಸಿದಳು. ಸುನೀತಾಳ ಹೆಗಲು ನಗುವಿಗೆ ಕುಲುಕುತ್ತಿತ್ತು. ದೊಡ್ಡವ್ವನ ತುಟಿಯ ಕೊನೆಯೂ ನೆಟ್ಟಗಿರಲಿಲ್ಲ. ಸಾಯುವವರೆಗೂ ಆಕೆ ಆ ಸಾಲನ್ನು ಬದಲಿಸಲಿಲ್ಲ. ಸುನೀತಾ ಮಾತ್ರ ಅಂದಿನಿಂದ ಎರಡೂ ಕಣ್ಣು ಮುಚ್ಚಿಕೊಂಡೇ ಕೂರುತ್ತಿದ್ದಳು. ಕೊಡ ಎತ್ತುವ ಕೆಲಸ ನನ್ನ ಪಾಲಿಗೆ ಬಂತು.

ದೊಡ್ಡವ್ವನನ್ನು ಮಣ್ಣು ಮಾಡಿದ ಮೇಲೆ ಕೆಲವು ದಿನ ನಾವು ರೊಟ್ಟಿಯನ್ನು ಬಿಸಿಬಿಸಿ ತಿಂದೆವು. ಸುನೀತಾ ತನ್ನ ಸಭೆಯ ರೀತಿಯಲ್ಲಿ ಚಿಕ್ಕದಾಗಿ ಸ್ತೋತ್ರ ಹೇಳಿ ಮುಗಿಸಿಬಿಡುತ್ತಿದ್ದಳು. ಬಿಸಿ ರೊಟ್ಟಿ ರುಚಿಸುತ್ತಿರಲಿಲ್ಲ. ಹಾಗಿರುವಾಗ ಒಂದು ಸಂಜೆ ಹಸೀನಾಬಿ ಗೋಡೆಯ ಆಚೆ ನಿಂತು, "ನನ್ನ ಆಡಿನ ಮಾತ ಇನ್ನ ಯಾರು ಹೇಳ್ತಾರವ್ವಾ?" ಎಂದಳು. ಸುನೀತಾ ಆ ರಾತ್ರಿ ಆಡಿನ ಮಾತು ಹೇಳಿದಳು. ಮರುದಿನ ಆಡಿನ ಮರಿ ಸೇರಿತು. ಈಗ ನಿಡೋಣಿಯಲ್ಲಿ ಬೈಕಿನಿಂದ ಬಿದ್ದ ನನ್ನ ಸಹೋದ್ಯೋಗಿ ಇದ್ದಾನೆ, ನಮ್ಮ ಹಳೆಯ ಚರ್ಚಿನ ಅಯ್ಯನವರ ಸಕ್ಕರೆ ಕಾಯಿಲೆ ಇದೆ, ಅವಳ ಪಾಸ್ಟರರ ಗಂಟಲು ಇದೆ. ಲಾರ್ಡ್ ಎನ್ನುತ್ತಿದ್ದವಳು ಯಪ್ಪಾ ಎನ್ನತೊಡಗಿದ್ದು ಯಾವಾಗಿನಿಂದ ಎಂದು ನನಗೆ ನೆನಪಿಲ್ಲ. ಅವಳಿಗೂ ಇರಲಾರದು.

ಇವತ್ತಿನ ಪ್ರಾರ್ಥನೆ ಸ್ವಲ್ಪ ಬೇರೆ. ಅವಳ ಸಭೆಯವರು ವೇದಿಕೆಯ ಮೇಲೆ ಹೊಗೆ ಬಿಡುವ ಯಂತ್ರ ತಂದಿದ್ದಾರೆ. ಒಳ್ಳೆಯದಾಯಿತು, ಸೊಳ್ಳೆಗಳಾದರೂ ಸಾಯುತ್ತವೆ ಎಂದು ನಾನು ನಿನ್ನೆ ಅಂದುಬಿಟ್ಟೆ. ಆಗಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಈಗ ಆಡುಗಳು ಮುಗಿದವು. ಸಹೋದ್ಯೋಗಿ ಮುಗಿದ, ಪ್ರೀತಿಯ ಪರೀಕ್ಷೆ ಮುಗಿಯಿತು. ಇನ್ನು ನನ್ನ ಸರದಿ. ನಾನು ಒಂದು ಕಣ್ಣು ಮೆಲ್ಲಗೆ ತೆರೆಯುತ್ತೇನೆ. ಅವಳ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿವೆ, ತುಟಿಯ ಕೊನೆ ಮಾತ್ರ ನೆಟ್ಟಗಿಲ್ಲ.

"ಮತ್ತ ಈ ಮನಿಯಾಗ ಉಳಿದವರನ್ನೂ ನೋಡ್ಕೋ ಯಪ್ಪಾ."

ಉಳಿದವನು ನಾನೊಬ್ಬನೇ. ಅಷ್ಟು ಗಟ್ಟಿಯಾಗಿ ಆಮೆನ್ ಎಂದು ನಾನು ಯಾವ ಚರ್ಚಿನಲ್ಲೂ ಅಂದಿರಲಿಲ್ಲ. ಗೋಡೆಯ ಆಚೆ ಹಸೀನಾಬಿಯ ಆಡು ಬೆಚ್ಚಿ ಒದರಿತು.