ನಡುಹೊಳೆಯಲ್ಲಿ ನಿಂತ ಹುಲಿ

ಶಿರಸಿ ಪೇಟೆಯಲ್ಲಿ ಪುಸ್ತಕದ ಬೆನ್ನು ಮುರಿದರೆ ಜನ ಹುಡುಕುವುದು ಬೈಂಡಿಂಗ್ ಗಿರಿಜವ್ವನನ್ನೇ. ಬನವಾಸಿ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಸೂಜಿ, ದಾರ, ಅಂಟಿನ ಡಬ್ಬಿ ಇವಳ ಪಾಲಿಗೆ ಬಂದವು. ಕೈ ಚುರುಕು, ಮನಸ್ಸು ಮಾತ್ರ ಸದಾ ಎಲ್ಲೋ. "ಅತ್ತಿ, ಅಂಟು ಒಣಗಾಕತ್ತೈತಿ, ಎಲ್ಲಿಗೆ ಹೋಗೀರಿ?" ಎಂದು ಸೊಸೆ ಪ್ರತಿಭಾ ಕೂಗಿಯೇ ಅವಳನ್ನು ಅಂಗಡಿಗೆ ವಾಪಸು ಕರೆತರಬೇಕು.

ಈಚೆಗೆ ಅವಳು ಹೋಗುತ್ತಿದ್ದುದು ಹಂಗೇರಿಗೆ! ಪ್ರತಿಭಾ ಒಮ್ಮೆ ಮೊಬೈಲಿನಲ್ಲಿ ತೋರಿಸಿದ್ದಳು: ಆ ದೇಶದ ಸಂತರ ಚಿತ್ರಕಥೆಗಳ ಪುಸ್ತಕ, ಸುಮಾರು ಏಳುನೂರು ವರ್ಷ ಹಳೆಯದು, ಪುಟದ ತುಂಬ ಚಿನ್ನ. ಯಾರೋ ಯಾವಾಗಲೋ ಅದನ್ನು ಬಿಚ್ಚಿ ಕೊಯ್ದರು. ಈಗ ಕೆಲವು ಹಾಳೆ ರೋಮಿನಲ್ಲಿ, ಕೆಲವು ನ್ಯೂಯಾರ್ಕಿನಲ್ಲಿ, ಕೆಲವು ರಷ್ಯಾದಲ್ಲಿ. "ಅಯ್ಯ ಶಿವನ! ಕೊಯ್ದವನ ಕೈ ಸೇದಿಹೋಗ್ಲಿ!" ಎಂದಳು ಗಿರಿಜವ್ವ. ಅಂದಿನಿಂದ ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಕುದುರೆ ಏರಿದ ಸಂತನೊಬ್ಬ ಚಿನ್ನದ ಹಾಳೆಯ ಅಂಚಿಗೆ ಬಂದು, ಮುಂದೆ ನೆಲವೇ ಇಲ್ಲದೆ ನಿಂತುಬಿಡುತ್ತಿದ್ದ.

ಅಂಥ ಒಂದು ಮಧ್ಯಾಹ್ನ ಹುಲೇಕಲ್ಲಿನ ಅನಂತಮೂರ್ತಿ ಮತ್ತು ಅರಬೈಲಿನಲ್ಲಿರುವ ಅವನ ತಮ್ಮ ಉಲ್ಲಾಸ ಬಂದರು. ತಂದೆ ಹೋದ ಮೇಲೆ ಮನೆ ಹಿಸ್ಸೆಯಾಗಿತ್ತು. ಪಾತ್ರೆ, ಮಣೆ ಎಲ್ಲ ಪಾಲಾಗಿ ಉಳಿದದ್ದು ಒಂದೇ: ಅಜ್ಜ ತಾನೇ ಬರೆದು ಚಿತ್ರ ಬಿಡಿಸಿದ ಕಥೆಪುಸ್ತಕ, ಹುಲಿಯೊಂದು ದೋಣಿ ಹತ್ತಿ ಬೇಡ್ತಿ ಹೊಳೆ ದಾಟಿ, ತಂಗಿಗೆ ಉಡಿ ತುಂಬಲು ಹೋಗುವುದು.

"ಸರಿಯಾಗಿ ಅರ್ಧ ಮಾಡಿ ಎರಡು ಬೈಂಡ್ ಹಾಕಿ" ಎಂದ ಅನಂತಮೂರ್ತಿ. ಉಲ್ಲಾಸ ಗೋಡೆ ನೋಡುತ್ತ ಹೂಂಗುಟ್ಟಿದ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗಿತ್ತು.

ಒಲ್ಲೆ ಎಂದರೆ ಪಕ್ಕದ ಅಂಗಡಿಯ ಯಂತ್ರ ಒಂದೇ ಏಟಿಗೆ ತುಂಡು ಮಾಡೀತು. "ನಾಳೆ ಬರ್ರಿ. ಇಬ್ರೂ ಬರಬೇಕು ಮತ್ತ!" ಎಂದು ಕಳಿಸಿದಳು.

ಹಳೇ ಹೊಲಿಗೆ ಬಿಚ್ಚಿ ನಡುವಿನ ಹಾಳೆ ತೆರೆದಳು. ದೋಣಿ ನಡುಹೊಳೆಯಲ್ಲಿದೆ. ತೊಡೆಯ ಮೇಲೆ ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಹುಲಿ ಕೂತಿದೆ. ಹಿಂದಿನ ದಡ ಕಾಣುವುದಿಲ್ಲ, ಮುಂದಿನದು ಮರುಹಾಳೆಯಲ್ಲಿ, ಇನ್ನೊಬ್ಬನ ಪಾಲು. ಆ ಹೊತ್ತು ಜೋಂಪಿನಲ್ಲಿ ಹಂಗೇರಿಯ ಸಂತನೂ ಅದೇ ದೋಣಿಯಲ್ಲಿದ್ದ. ಇಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದರು.

ಮರುದಿನ ಅವಳು ಆ ಹಾಳೆಯನ್ನು ಮುಂದಿನ ಹಾಳೆಯ ಮೇಲಿಟ್ಟು ಅಣ್ಣತಮ್ಮಂದಿರ ನಡುವೆ ಹಾಸಿದಳು. "ಕೊಯ್ಯೂದು ಇಲ್ಲೇ ಬರ್ತೈತಿ. ಈ ಹುಲಿಯಪ್ಪನ್ನ ಎಲ್ಲಿ ಇಳಸ್ಲಿ, ಹೇಳ್ರಿ?"

ಇಬ್ಬರೂ ಬಗ್ಗಿದರು. ಮೊದಲು ಬಾಯಿ ಬಿಟ್ಟವನು ಉಲ್ಲಾಸ. "ಅಣ್ಣ, ಅಪ್ಪಯ್ಯ ದಿನಾ ಕಥೆ ಇಲ್ಲೇ ನಿಲ್ಸ್ತಿದ್ದ. 'ಉಳ್ದಿದ್ದು ನಾಳೆ ಹೇಳ್ತೆ' ಹೇಳಿ."

"ನೀ ಅಳ್ತಿದ್ದೆ" ಎಂದ ಅನಂತಮೂರ್ತಿ. "ಅಪ್ಪಯ್ಯ ಮಲಗಿದ ಮೇಲೆ ಆನು ನಿಂಗೆ ಕದ್ದು ಮುಂದಿನ ಪುಟ ತೋರ್ಸ್ತಿದ್ದಿ."

ಹೇಳುತ್ತಲೇ ಅವನ ಕೈ ತಾನಾಗಿ ಮೇಲಿನ ಹಾಳೆ ಸರಿಸಿತು. ದಡದಲ್ಲಿ ಹುಲಿಯ ತಂಗಿ ಆರತಿ ಹಿಡಿದು ನಿಂತಿದ್ದಳು. ಉಲ್ಲಾಸ ಮುಖ ಮುಚ್ಚಿಕೊಂಡ.

"ಕೊಯ್ಯೋದು ಬೇಡ ಅಮ್ಮ" ಎಂದ ಅನಂತಮೂರ್ತಿ. "ಒಂದೇ ಬೈಂಡ್ ಹಾಕಿ. ವರ್ಷಕ್ಕೊಬ್ರು ಇಟ್ಕೊಳ್ತೇವೆ. ಈ ವರ್ಷ ತಮ್ಮನ ಮನೇಲಿರಲಿ."

ಅವರು ಹೋದ ಮೇಲೆ ಗಿರಿಜವ್ವ ಸೂಜಿ ಎತ್ತಿಕೊಂಡಳು. ಆ ಸಂತನಿಗೆ ಮುಂದಿನ ಪುಟ ತೋರಿಸುವ ಅಣ್ಣ ಯಾರೂ ಇರಲಿಲ್ಲವಲ್ಲ ಎನಿಸಿ ಅಳು ನುಗ್ಗಿ ಬಂತು. ಕಣ್ಣು ಮಂಜಾಗಿ ಸೂಜಿಯ ಕಣ್ಣು ಕಾಣಲಿಲ್ಲ.

"ಪ್ರತಿಭಾ," ಎಂದು ಕರೆದಳು, "ದಾರ ಪೋಣಿಸಿಕೊಡ ಬಾ."